‘ನಿಕೋಟಿನ್ ಇಲ್ಲ’ ಎಂದು ವೇಪ್ ಮಾರುವವರಿದ್ದಾರೆ, ಎಚ್ಚರ

ಭಾರತದಲ್ಲಿ ಕಾನೂನುಬದ್ಧ ವೇಪ್ (ಆವಿ ಸೇದುವ ಇ-ಸಿಗರೇಟು) ಎಂಬುದೇ ಇಲ್ಲ. ‘ಹರ್ಬಲ್’ ಎಂದರೂ ಇಲ್ಲ, ‘ನಿಕೋಟಿನ್ ಶೂನ್ಯ’ ಎಂದರೂ ಇಲ್ಲ, ಬಿಲ್ ಕೊಡುತ್ತೇವೆ ಎಂದರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಳಗಿರುವ ರಗಳೆಯನ್ನು ಪೂರ್ತಿ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಅಣ್ಣನ ಮಗ ನಮ್ಮ ಮನೆಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿದ್ದಾನೆ. ವಯಸ್ಸು 22. ಸಿಗರೇಟು ಬಿಡುವ ಹಂಬಲದಲ್ಲಿ ಸಾಮಾಜಿಕ ಜಾಲತಾಣದ ಒಂದು ಖಾತೆಯಿಂದ ಮಾವಿನ ಪರಿಮಳದ ‘ಹರ್ಬಲ್ ಪೆನ್’ ತರಿಸಿಕೊಂಡ. ಮಾರುವವನು ಹಣದ ಮಾತೆತ್ತುವ ಮೊದಲೇ ಕೇಳಿದ್ದು: ‘21 ತುಂಬಿದೆಯೇ? ಆಧಾರ್ ಪ್ರತಿ ಕಳುಹಿಸಿ, ನಾವು ನಿಯಮ ಪಾಲಿಸುವವರು.’ ಹುಡುಗನಿಗೆ ಇದಕ್ಕಿಂತ ದೊಡ್ಡ ನಂಬಿಕೆ ಬೇಕಿರಲಿಲ್ಲ.

ಮೋಸದ ಜಾಣತನ ಇರುವುದೇ ಇಲ್ಲಿ. ಕರ್ನಾಟಕ ಸರ್ಕಾರ 2003ರ ತಂಬಾಕು ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂತು. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000 ರೂಪಾಯಿವರೆಗೆ ಹೋಯಿತು. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು. ಈ ಸುದ್ದಿಯಲ್ಲಿ ಜನರ ಕಿವಿಯಲ್ಲಿ ಉಳಿದದ್ದು 21 ಎಂಬ ಅಂಕಿ ಮಾತ್ರ. ಅದು ಸಿಗರೇಟು, ಬೀಡಿ, ಜರ್ದಾಕ್ಕೆ ಸಂಬಂಧಿಸಿದ್ದು. ವೇಪ್‌ಗೆ 21 ಆದರೇನು, 61 ಆದರೇನು, ಕೊಳ್ಳುವ ವಯಸ್ಸು ಎಂಬುದೇ ಇಲ್ಲ, ಮಾರಾಟವೇ ನಿಷಿದ್ಧ.

ಈ ನಿಷೇಧ ಬಂದದ್ದು 2019ರಲ್ಲಿ. ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಲ್ಲವೂ ಅದರೊಳಗೆ ಬರುತ್ತವೆ. ಮೊದಲ ಬಾರಿ ಮಾರಿ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿದರೆ 3 ವರ್ಷ, 5 ಲಕ್ಷದವರೆಗೆ. ಗೊತ್ತಿದ್ದೂ ತನ್ನ ಜಾಗದಲ್ಲಿ ದಾಸ್ತಾನಿಡಲು ಬಿಟ್ಟವನಿಗೆ 6 ತಿಂಗಳವರೆಗೆ ಜೈಲು ಅಥವಾ 50,000ದವರೆಗೆ ದಂಡ ಅಥವಾ ಎರಡೂ. ‘ಹರ್ಬಲ್’ ಮಾತಿಗೆ ಉತ್ತರ ಕಾಯ್ದೆಯ ವ್ಯಾಖ್ಯಾನದಲ್ಲೇ ಇದೆ: ಪದಾರ್ಥವನ್ನು ಕಾಯಿಸಿ ಸೇದಲು ಆವಿ ಎಬ್ಬಿಸುವ ವಿದ್ಯುನ್ಮಾನ ಸಾಧನ, ಅದರಲ್ಲಿ ನಿಕೋಟಿನ್ ಇರಲಿ, ಇಲ್ಲದಿರಲಿ. ತಂಬಾಕನ್ನು ಸುಡದೆ ಕಾಯಿಸುವ ಸಾಧನ, ಇ-ಹುಕ್ಕಾ ಕೂಡ ಅದೇ ಬುಟ್ಟಿಗೆ. ಸಂಸತ್ತು ಆ ಕಿಂಡಿಯನ್ನು ಮೊದಲೇ ಮುಚ್ಚಿಟ್ಟಿತ್ತು.

ಪಾರ್ಸೆಲ್ ಬಂದದ್ದು ‘ಮೊಬೈಲ್ ಬಿಡಿಭಾಗ’ ಎಂಬ ಚೀಟಿ ಹೊತ್ತು. ಡಬ್ಬಿಯನ್ನು ನಾನು ಆಮೇಲೆ ತಿರುಗಿಸಿ ನೋಡಿದೆ. ಹಳದಿ ಮಾವಿನ ಚಿತ್ರ, ಒಂದು ಮಿಂಚುವ ಸ್ಟಿಕ್ಕರ್. ತಯಾರಕರ ವಿಳಾಸವಿಲ್ಲ, ತಯಾರಾದ ದಿನಾಂಕವಿಲ್ಲ, ಒಳಗಿನ ದ್ರವದಲ್ಲಿ ಏನಿದೆ ಎಂಬ ಒಂದು ಸಾಲೂ ಇಲ್ಲ. ಸಿಗರೇಟು ಪ್ಯಾಕಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ, ಆದರೂ ಅದರ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರುತ್ತದೆ, ಮಾಡಿದವರ ಹೆಸರಿರುತ್ತದೆ. ಇದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ.

ಒಂದು ರಾತ್ರಿ ಚಾರ್ಜಿಗೆ ಹಾಕಿದ್ದಾಗ ಪೆನ್ನಿನ ಬುಡ ಉಬ್ಬಿತು. ಪ್ಲಾಸ್ಟಿಕ್ ಹೊಲಿಗೆ ಬಿಟ್ಟುಕೊಂಡು, ಸೇದುವ ತುದಿಯಿಂದ ಕಂದು ಬಣ್ಣದ ಅಂಟು ಒಸರಿ, ಮೇಜಿನ ಮೇಲೆ ಅಂಗೈಯಗಲದ ಸುಟ್ಟ ಕಲೆ ಬಿತ್ತು. ಬೆಂಕಿ ಹತ್ತಿಕೊಳ್ಳಲಿಲ್ಲ, ಪುಣ್ಯ. ಹುಡುಗ ಮಾರಿದವನಿಗೆ ಸಂದೇಶ ಕಳುಹಿಸಿದ. ಉತ್ತರ ಬಹಳ ವಿನಯದ್ದು: ‘ಬದಲಿಸಿ ಕೊಡುತ್ತೇವೆ. ವಸ್ತುವನ್ನು ಕೈಯಲ್ಲಿ ಹಿಡಿದು, ಮುಖ ಕಾಣುವಂತೆ ಒಂದು ವಿಡಿಯೊ ಮಾಡಿ ಕಳುಹಿಸಿ.’ ಕಳುಹಿಸಿದ.

ಮರುದಿನ ಬೇರೊಂದು ಸಂಖ್ಯೆಯಿಂದ ಕರೆ. ಪ್ರೊಫೈಲ್ ಚಿತ್ರದಲ್ಲಿ ಖಾಕಿ. ತಾನು ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡವನು ಆಧಾರ್ ಸಂಖ್ಯೆ, ನಮ್ಮ ಮನೆಯ ವಿಳಾಸ ಎಲ್ಲವನ್ನೂ ಓದಿ ಹೇಳಿದ. ಜತೆಗೆ ಅದೇ ವಿಡಿಯೊ. ‘ನಿಷೇಧಿತ ವಸ್ತು, 2019ರ ಕಾಯ್ದೆ, 1 ವರ್ಷ ಜೈಲು. ಇಂದೇ 25,000 ಕಟ್ಟಿದರೆ ಕಡತ ಮುಚ್ಚುತ್ತೇವೆ, ಇಲ್ಲದಿದ್ದರೆ ಕಾಲೇಜಿಗೆ ಪತ್ರ ಹೋಗುತ್ತದೆ.’ ಮಾರುವಾಗ ನಿಷೇಧದ ಮಾತನ್ನೇ ಎತ್ತದವರು ವಸೂಲಿಗೆ ನಿಂತಾಗ ಕಲಮು ಕಲಮಾಗಿ ಒಪ್ಪಿಸುತ್ತಿದ್ದರು! ಹುಡುಗ ಯಾರಿಗೂ ಹೇಳದೆ 10,000 ಕಳುಹಿಸಿಯೂ ಆಗಿತ್ತು. ನಮಗೆ ತಿಳಿದದ್ದು ಉಳಿದ ಹಣಕ್ಕೆ ಮತ್ತೆ ಕರೆ ಬಂದಾಗ.

ಹೀಗೆ ಬಲೆಗೆ ಬಿದ್ದವರು ಬಾಯಿ ಬಿಡುವುದಿಲ್ಲ ಎಂಬುದೇ ಈ ದಂಧೆಯ ಬಂಡವಾಳ. ಕೆಟ್ಟ ಮಿಕ್ಸರ್ ಮಾರಿದವನನ್ನು ಗ್ರಾಹಕ ಆಯೋಗಕ್ಕೆ ಎಳೆಯಬಹುದು. ನಿಷಿದ್ಧ ವಸ್ತು ಕೆಟ್ಟುಹೋಯಿತೆಂದು ಯಾವ ಮುಖ ಹೊತ್ತು ಹೋಗುವುದು? ಆದರೆ ಸುಲಿಗೆ ಬೇರೆಯೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆಗೆ 308ನೇ ಕಲಮು ಇದೆ, ಸರ್ಕಾರಿ ನೌಕರನ ಸೋಗು ಹಾಕುವುದಕ್ಕೆ 204ನೇ ಕಲಮು ಇದೆ. ಪರಿಚಯದ ವಕೀಲರೊಬ್ಬರು, ‘ಏನನ್ನೂ ಮುಚ್ಚಿಡದೆ ದೂರು ಕೊಡಿ, ವಸ್ತುವನ್ನೂ ಒಪ್ಪಿಸಿ’ ಎಂದರು. ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ಕರೆ ಮಾಡಿ, ಆಮೇಲೆ ಠಾಣೆಗೆ ಹೋಗಿ ಹಾಗೆಯೇ ಮಾಡಿದೆವು. ಹುಡುಗನ ಮೇಲೆ ಪ್ರಕರಣ ಆಗಲಿಲ್ಲ. ಎಲ್ಲೆಡೆ ಹೀಗೇ ಆಗುತ್ತದೆಂದು ಭರವಸೆ ಕೊಡಲಾರೆ. ವಕೀಲರನ್ನು ಕೇಳಿಕೊಂಡೇ ಹೋಗಿ. ಹಣ ಮಾತ್ರ ಇನ್ನೂ ವಾಪಸಾಗಿಲ್ಲ.

ಕರೆ ಬಂದಾಗ ನೆನಪಿಡಬೇಕಾದದ್ದು ಇಷ್ಟು. ಈ ಕಾಯ್ದೆಯಡಿ ಶಿಕ್ಷೆ, ದಂಡ ವಿಧಿಸುವುದು ನ್ಯಾಯಾಲಯ. ಅದನ್ನು ಯಾವ ಅಧಿಕಾರಿಯೂ ಫೋನಿನಲ್ಲಿ ಚೌಕಾಸಿ ಮಾಡಿ ಯುಪಿಐಗೆ ಹಾಕಿಸಿಕೊಳ್ಳುವುದಿಲ್ಲ. ಸಂದೇಶಗಳನ್ನು ಭಯಕ್ಕೆ ಅಳಿಸಬೇಡಿ. ಅಣ್ಣನ ಮಗ ಅರ್ಧ ಅಳಿಸಿಬಿಟ್ಟಿದ್ದ, ಉಳಿದರ್ಧವೇ ನಮ್ಮ ಕೈಹಿಡಿದದ್ದು. ಹಣ ಹೋಗಿದ್ದರೆ 1930ಕ್ಕೆ ಎಷ್ಟು ಬೇಗ ಕರೆ ಮಾಡಿದರೆ ಅಷ್ಟು ಒಳ್ಳೆಯದು, ಹಣ ಸೇರಿದ ಖಾತೆಯಲ್ಲೇ ಅದನ್ನು ತಡೆಹಿಡಿಯುವ ಅವಕಾಶ ಇರುತ್ತದೆ.

‘ಸೇದುವವನಿಗೆ ಶಿಕ್ಷೆ ಇಲ್ಲವಲ್ಲ’ ಎಂದು ವಾದಿಸುವವರನ್ನೂ ಕಂಡೆ. ಸೇದುವುದನ್ನೇ ಹೆಸರಿಸುವ ಕಲಮು 2019ರ ಕಾಯ್ದೆಯಲ್ಲಿ ಇಲ್ಲ, ನಿಜ. ಆದರೆ ಆಕಾಶದಿಂದ ಉದುರಿದ ವೇಪ್ ಇರುವುದಿಲ್ಲ. ಆಮದು, ಸಾಗಣೆ, ಹಂಚಿಕೆ ಯಾವುದೋ ಒಂದನ್ನು ದಾಟಿಯೇ ಅದು ಕೈಗೆ ಬರಬೇಕು. ವಿದೇಶದಿಂದ ಬರುವ ನೆಂಟರಿಗೂ ಇದನ್ನು ತಿಳಿಸಿ. ದುಬೈನಲ್ಲಿ, ಲಂಡನ್ನಿನಲ್ಲಿ ಅಂಗಡಿಯಲ್ಲೇ ಸಿಗುವ ವಸ್ತು ನಮ್ಮ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನಿಷೇಧಿತ ಆಮದು. ಸಿಂಗಪುರದಲ್ಲಂತೂ 2018ರಿಂದ ಬಳಿಯಲ್ಲಿಟ್ಟುಕೊಳ್ಳುವುದೇ ಅಪರಾಧ.

ಇನ್ನು ಸಿಗರೇಟು ಬಿಡುವ ಮಾತು. ಆ ಹಂಬಲವೇ ತಪ್ಪೆಂದು ಯಾರೂ ಹುಡುಗರನ್ನು ಗದರಬೇಡಿ. ಪ್ಯಾಕಿನ ಮೇಲೆಯೇ 1800-11-2356 ಎಂಬ ಉಚಿತ ಸಂಖ್ಯೆ ಅಚ್ಚಾಗಿರುತ್ತದೆ, ತಂಬಾಕು ಬಿಡಲು ಸಲಹೆ ಕೊಡುವ ಸರ್ಕಾರಿ ಸಹಾಯವಾಣಿ ಅದು. ವರ್ಷಗಟ್ಟಲೆ ಆ ಪ್ಯಾಕು ಹಿಡಿದ ನಮ್ಮ ಹುಡುಗ ಆ ಅಂಕಿಗಳನ್ನು ಒಮ್ಮೆಯೂ ಓದಿರಲಿಲ್ಲವಂತೆ. ಈಗ ಅವರೊಂದಿಗೆ ಮಾತನಾಡುತ್ತಿದ್ದಾನೆ.