ಆಗುಂಬೆ ಹತ್ತುವ ಕಾರುಗಳಿಗೆ ಯಾವ ವಾಕಿಟಾಕಿ?

ಉಡುಪಿಯಿಂದ ನಾಲ್ಕು ಕಾರುಗಳು ಒಟ್ಟಿಗೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವುದಾದರೆ, ಮೊಬೈಲ್ ನೆಟ್‌ವರ್ಕ್ ಮೇಲೆ ನಡೆಯುವ, ಸಿಮ್ ಹಾಕುವ ರೇಡಿಯೋಕ್ಕಿಂತ, ನೆಟ್‌ವರ್ಕ್ ಇಲ್ಲದೆ ನೇರ ಮಾತಾಡುವ 446 ಮೆಗಾಹರ್ಟ್ಸ್‌ನ ಅರ್ಧ ವಾಟ್ ಸೆಟ್ಟೇ ಮೇಲು. ಮಾತು ಬೇಕಾಗುವುದು ಆ 14 ತಿರುವುಗಳಲ್ಲಿ. ನೆಟ್‌ವರ್ಕ್ ಕೈಕೊಡುವುದೂ ಅಲ್ಲಿಯೇ.

ಸಿಮ್ ಸೆಟ್ಟಿಗೆ ಹೆದ್ದಾರಿ 66 ಹೇಳಿ ಮಾಡಿಸಿದ ಜಾಗ. ಒಂದು ಕಾರು ಹೆಜಮಾಡಿ ಟೋಲ್ ದಾಟಿರಲಿ, ಇನ್ನೊಂದು ಮಂಗಳೂರಿನ ಪಂಪ್‌ವೆಲ್‌ನಲ್ಲೇ ಸಿಕ್ಕಿಬಿದ್ದಿರಲಿ, ಧ್ವನಿ ಸ್ವಚ್ಛ. ಆದರೆ ಮಾತು ಸರ್ವರ್ ಸುತ್ತಿ ಬರುವಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗಿರುತ್ತದೆ. ಡೇಟಾ ರೀಚಾರ್ಜ್ ಬೇರೆ, ಕೆಲವು ಸೆಟ್ಟುಗಳಿಗೆ ಸರ್ವರ್ ಶುಲ್ಕವೂ ಬೇರೆ.

446ರ ಸೆಟ್ಟಿಗೆ ಲೈಸೆನ್ಸ್ ಬೇಡ. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ, ಅರ್ಧ ವಾಟ್ ಮಿತಿಯಲ್ಲಿ ಬಳಸಬಹುದು. ಡಬ್ಬಿಯ ಮೇಲಿನ "ಲೈಸೆನ್ಸ್ ಫ್ರೀ" ಎಂಬ ಬರಹವನ್ನಷ್ಟೇ ನಂಬಬೇಡಿ. ಇಟಿಎ, ಅಂದರೆ ಸರ್ಕಾರ ಆ ಮಾದರಿಗೆ ಕೊಡುವ ಒಪ್ಪಿಗೆಯ ಪ್ರಮಾಣಪತ್ರ ಕೇಳಿ, ಫ್ರೀಕ್ವೆನ್ಸಿ ನೋಡಿ. ಹತ್ತು ಕಿಲೋಮೀಟರ್ ಎಂಬ ಜಾಹೀರಾತನ್ನೂ ಬದಿಗಿಡಿ. ಮಲ್ಪೆಯ ಮರಳಿನ ಬಯಲಲ್ಲಿ ಎರಡು ಕಿಲೋಮೀಟರ್ ಸಿಗುತ್ತದೆ, ಕಾರಿನೊಳಗಿನಿಂದ ನೇರ ರಸ್ತೆಯಲ್ಲಿ ಒಂದರ ಆಸುಪಾಸು. ಘಾಟಿಯಲ್ಲಿ ಅದರ ಅರ್ಧವೂ ಇಲ್ಲ, ಏಕೆಂದರೆ ನಡುವೆ ಗುಡ್ಡ ಬಂದರೆ ಈ ತರಂಗ ಅದನ್ನು ದಾಟುವುದಿಲ್ಲ. ಆದ್ದರಿಂದ ನಡುವಿನ ಕಾರಿನವರು ಮುಂದಿನವರ ಮಾತನ್ನು ಹಿಂದಿನವರಿಗೆ ದಾಟಿಸಬೇಕು. "ಮೇಲಿಂದ ಬಸ್ ಬರ್ತಾ ಉಂಟು, ಅಲ್ಲೇ ನಿಲ್ಲಿ" ಎಂಬಷ್ಟು ಚಿಕ್ಕ ಮಾತು ಸಾಕು.

ಸೆಟ್ಟು ಚಾಲಕನ ಕೈಯಲ್ಲಿ ಬೇಡ, ಪಕ್ಕದವರ ಕೈಯಲ್ಲಿರಲಿ. ಗೇರ್ ಪಕ್ಕದ ಕಪ್ ಹೋಲ್ಡರ್‌ನಲ್ಲಿಟ್ಟರೆ ಸುತ್ತಲಿನ ಲೋಹವೇ ಸಿಗ್ನಲ್ ತಿನ್ನುತ್ತದೆ. ಆಂಟೆನಾ ನೆಟ್ಟಗೆ, ಕಿಟಕಿ ಗಾಜಿನ ಮಟ್ಟಕ್ಕೆ ಹಿಡಿಯಿರಿ. ಗಾಜಿಗೆ ಲೋಹದ ಅಂಶವಿರುವ ಸನ್ ಫಿಲ್ಮ್ ಇದ್ದರೆ ಕಿಟಕಿ ಇಳಿಸಿ. ಗುಂಡಿ ಒತ್ತಿ ಅರ್ಧ ಸೆಕೆಂಡ್ ತಡೆದು ಮಾತಾಡಿ, ಇಲ್ಲದಿದ್ದರೆ ಮೊದಲ ಪದವೇ ಕತ್ತರಿಸಿ ಹೋಗುತ್ತದೆ. ಗುಂಡಿ ಒತ್ತದೆಯೇ ಸದ್ದಿಗೆ ಪ್ರಸಾರ ಶುರುಮಾಡುವ ವಾಕ್ಸ್ (VOX) ಆಫ್ ಮಾಡಿಡಿ. ಹಾರ್ನ್‌ಗೂ ಗಾಳಿಗೂ ಅದು ತಾನೇ ಚಾಲೂ ಆಗಿ ಚಾನೆಲ್ ಹಿಡಿದುಬಿಡುತ್ತದೆ. "ಸೆಟ್ಟು ಕೆಟ್ಟಿದೆ" ಎನ್ನುವ ದೂರುಗಳಲ್ಲಿ ಹಲವು ಟೋನ್ ಕೋಡ್‌ನವು, ಅಂದರೆ ಮಾತಿನ ಜೊತೆ ಸೆಟ್ಟು ಕಳಿಸುವ ಗುರುತಿನ ಸ್ವರದವು: ಚಾನೆಲ್ ಒಂದೇ ಇದ್ದರೂ ಕೋಡ್ ಬೇರೆಯಾದರೆ ಎದುರಿನವರ ಸ್ಪೀಕರ್ ತೆರೆಯುವುದಿಲ್ಲ. ಹೊರಡುವ ಮುಂಚೆ ಎಲ್ಲ ಸೆಟ್ಟುಗಳನ್ನೂ ಸಾಲಾಗಿಟ್ಟು ಎರಡನ್ನೂ ಹೊಂದಿಸಿ. ಕೋಡ್‌ನಿಂದ ಮಾತು ಗುಟ್ಟಾಗಿ ಉಳಿಯುತ್ತದೆಂದು ಮಾತ್ರ ತಿಳಿಯಬೇಡಿ. ಮಳೆಗಾಲಕ್ಕೆ, ಧೂಳು-ನೀರು ತಡೆಯುವ ಮಟ್ಟ ಹೇಳುವ ಐಪಿ ಅಂಕಿ 67 ಇರುವ ಸೆಟ್ಟೇ ಒಳ್ಳೆಯದು. ಐಪಿ54 ತುಂತುರು ತಡೆಯುತ್ತದೆ, ಆಗುಂಬೆಯ ಜಡಿಮಳೆಯನ್ನಲ್ಲ.

ಅಗ್ಗಕ್ಕೆ ಸಿಗುವ 5 ವಾಟ್‌ನ ಬಾವ್‌ಫೆಂಗ್ ಯುವಿ-5ಆರ್ ದೂರ ಮುಟ್ಟುವುದು ನಿಜ. ಆದರೆ ಅದು ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇರುವವರ ಕೈಯಲ್ಲಿರಬೇಕಾದ ಸೆಟ್ಟು. 136ರಿಂದ 174 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಪ್ರಸಾರ ಮಾಡಬಲ್ಲದು, ಸಮುದ್ರದ ಚಾನೆಲ್ 16 ಇರುವ 156.8 ಕೂಡ ಅದರೊಳಗೇ ಬರುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಗೊತ್ತಿಲ್ಲದೆ ಆ ಚಾನೆಲ್‌ನಲ್ಲಿ ಹರಟಿದರೆ ಬೋಟಿನವರ ಆಪತ್ತಿನ ಕರೆ ಮುಚ್ಚಿಹೋಗಬಹುದು.

ಎಲ್ಲ ಕಾರಿನಲ್ಲೂ ಹ್ಯಾಮ್ ಲೈಸೆನ್ಸ್ ಇರುವವರಿದ್ದರೆ 144–146 ಮೆಗಾಹರ್ಟ್ಸ್‌ನ ಕಾರ್ ಸೆಟ್ಟಿಗೆ ಸಾಟಿಯಿಲ್ಲ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಸುಮಾರು 50 ಸೆಂಟಿಮೀಟರ್‌ನ, ಅಂದರೆ ಈ ತರಂಗದ ಉದ್ದದ ಕಾಲು ಭಾಗದಷ್ಟಿರುವ ಆಂಟೆನಾವನ್ನು ಆಯಸ್ಕಾಂತದ ಬುಡದೊಂದಿಗೆ ಛಾವಣಿಯ ಮಧ್ಯೆ ಕೂರಿಸಿ, ಬಂಪರ್ ಮೇಲಲ್ಲ. 50 ವಾಟ್ ಸೆಟ್ಟು 10 ಆಂಪಿಯರ್ ಆಸುಪಾಸು ಎಳೆಯುವುದರಿಂದ ಲೈಟರ್ ಸಾಕೆಟ್‌ನಿಂದ ಕೊಡಬೇಡಿ; ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಬ್ಯಾಟರಿ ತುದಿಯಲ್ಲೇ ಫ್ಯೂಸ್ ಹಾಕಿಸಿ.