ಬುಗುರಿಯೊಂದಕ್ಕೆ ಮೂರು ಬಗೆಯ ಚಿತ್ರೀಕರಣ: ಕಟ್, ಗಿಂಬಲ್ ಮತ್ತು ಕದಲದ ಒಂದೇ ಶಾಟ್

ಚನ್ನಪಟ್ಟಣದ ಕಾರ್ಯಾಗಾರವೊಂದರಲ್ಲಿ ಮರದ ತುಂಡು ಬುಗುರಿಯಾಗುವುದನ್ನು ನಾನು ಮೂರು ಬಗೆಯಲ್ಲಿ ಚಿತ್ರೀಕರಿಸಿ ಯೂಟ್ಯೂಬ್‌ಗೆ ಹಾಕಿದೆ. ಮೊದಲನೆಯದು ಕಟ್ ಮಾಡಿದ ಚಿಕ್ಕ ಚಿಕ್ಕ ತುಣುಕುಗಳನ್ನು ಜೋಡಿಸಿದ್ದು, ಎರಡನೆಯದು ಗಿಂಬಲ್ (ನಡೆಯುವಾಗ ಫೋನ್ ಅಲುಗದಂತೆ ಹಿಡಿಯುವ ಸಾಧನ) ಹಿಡಿದು ಬೀದಿಯಿಂದ ಲೇತ್‌ವರೆಗೆ, ಎಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರದವರೆಗೆ, ನಡೆಯುತ್ತ ತೆಗೆದ ಒಂದೇ ಶಾಟ್, ಮೂರನೆಯದು ಟ್ರೈಪಾಡ್ ಮೇಲೆ ಫೋನ್ ಇಟ್ಟು ಕದಲಿಸದೆ ತೆಗೆದ ಒಂದೇ ಶಾಟ್. ಕುಶಲಕರ್ಮಿಯೂ ಫೋನೂ ಮೂರಕ್ಕೂ ಒಂದೇ ಆಗಿದ್ದುದರಿಂದ, ನೋಡುಗರು ಉಳಿದದ್ದಕ್ಕೂ ಬಿಟ್ಟುಹೋದದ್ದಕ್ಕೂ ಬಹುಮಟ್ಟಿಗೆ ಚಿತ್ರೀಕರಣದ ಬಗೆಯೇ ಕಾರಣವೆಂದು ನಾನು ಭಾವಿಸಿದ್ದೇನೆ.

ಕಟ್‌ಗಳ ವೀಡಿಯೊ ಆರಂಭದಲ್ಲಿ ನೋಡುಗರನ್ನು ಚೆನ್ನಾಗಿಯೇ ಹಿಡಿಯಿತು. ಗಿರಗಿರನೆ ತಿರುಗುವ ಮರ, ಕೆಂಪು-ಹಳದಿ ಪಟ್ಟೆ, ನೆಲದ ಮೇಲೆ ಆಡುವ ಬುಗುರಿ, ಎಲ್ಲವೂ ಮೊದಲ ಐದು ಸೆಕೆಂಡುಗಳಲ್ಲೇ ಬಂದುಹೋಗುತ್ತಿದ್ದವು. ಆದರೆ ಸಿದ್ಧವಾದ ಬುಗುರಿಯನ್ನು ಮೊದಲೇ ತೋರಿಸಿದ ಮೇಲೆ ಕಾಯುವುದಕ್ಕೆ ಏನೂ ಉಳಿಯದೆ, ಯೂಟ್ಯೂಬ್ ಸ್ಟುಡಿಯೊದಲ್ಲಿ ವೀಕ್ಷಕರ ಉಳಿಕೆಯ ರೇಖೆ (ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರೆಂದು ತೋರಿಸುವ ಗೆರೆ) ಅರ್ಧ ನಿಮಿಷದ ನಂತರ ಒಂದೇ ಸಮನೆ ಇಳಿಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ಬಣ್ಣವನ್ನು ಕುಂಚದಿಂದ ಬಳಿಯುತ್ತಾರೆಯೇ ಎಂದು ಹಲವರು ಕೇಳಿದ್ದು. ಬಿಳಿಯ ಮರ ಒಂದು ತುಣುಕಿನಲ್ಲಿ, ಬಣ್ಣದ ಮರ ಮುಂದಿನ ತುಣುಕಿನಲ್ಲಿ ಇದ್ದವು. ನಡುವೆ ಮರಕ್ಕೆ ಬಣ್ಣ ಹತ್ತುವ, ಈ ಕಸುಬಿನ ಜೀವಾಳವಾದ ಕ್ಷಣವನ್ನೇ ನಾನು ಕತ್ತರಿಸಿ ಎಸೆದಿದ್ದೆ.

ಗಿಂಬಲ್ ಶಾಟ್‌ಗೆ ಪಟ್ಟ ಶ್ರಮ ಉಳಿದೆರಡಕ್ಕೂ ಸೇರಿ ಪಡಲಿಲ್ಲ. ಬಿಸಿಲಿನಿಂದ ಒಳಗೆ ಕಾಲಿಡುತ್ತಿದ್ದಂತೆ ಫೋನ್ ತಾನಾಗಿ ಬೆಳಕನ್ನು ಹೊಂದಿಸಿಕೊಳ್ಳಲು ಹೋಗಿ ಚಿತ್ರ ಒಮ್ಮೆ ಕಪ್ಪಾಗಿ, ಒಮ್ಮೆ ಬೆಳ್ಳಗಾಗುತ್ತಿತ್ತು. ಎಕ್ಸ್‌ಪೋಷರ್ ಅನ್ನು, ಎಂದರೆ ಫೋನ್ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣವನ್ನು, ಒಳಗಿನ ಬೆಳಕಿಗೆ ಲಾಕ್ ಮಾಡಿದರೆ ಬೀದಿಯೆಲ್ಲ ಸುಣ್ಣ ಬಳಿದಂತೆ ಕಾಣುತ್ತಿತ್ತು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ, ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ) ಮತ್ತು 1/60 ಶಟರ್‌ನಲ್ಲಿ (ಒಂದು ಫ್ರೇಮ್‌ಗೆ 1/60 ಸೆಕೆಂಡು ಬೆಳಕು) ಟ್ಯೂಬ್‌ಲೈಟ್‌ನ ಏರಿಳಿತಕ್ಕೆ ಫೋನ್ ಹೊಂದದೆ ಬೆಳಕು ಮಿನುಗಿತು. 25 ಫ್ರೇಮ್ ಮತ್ತು 1/50 ಶಟರ್‌ಗೆ ಬದಲಿಸಿದ ಮೇಲೆ ಅದು ನಿಂತಿತು. ಇಷ್ಟೆಲ್ಲ ಮಾಡಿ ಆರನೆಯ ಯತ್ನದಲ್ಲಿ ದಕ್ಕಿದ ಆ ಶಾಟನ್ನು, ನಾನು ಲೇತ್ ತಲುಪುವ ಮೊದಲೇ ಬಹಳ ಜನ ಬಿಟ್ಟುಹೋದರು. ನಡಿಗೆಯಲ್ಲಿ ನನಗೆ ಸಿಕ್ಕ ಸಂತೋಷ ಅವರಿಗೆ ಸಿಗಲಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರ ಕಣ್ಣೆದುರು ಏನೂ ನಡೆಯುತ್ತಿರಲಿಲ್ಲ.

ಕದಲದ ಶಾಟನ್ನು ಎರಡು ಸಲ ತೆಗೆಯಬೇಕಾಯಿತು. ಮೊದಲ ಸಲ, ಮರದ ತುಂಡನ್ನು ಲೇತ್‌ಗೆ ಸಿಕ್ಕಿಸುವುದರಿಂದ ಆರಂಭಿಸಿದ್ದೆ. ಅದು ಗಿಂಬಲ್ ಶಾಟ್‌ನಂತೆಯೇ ಸೋತಿತು. ಎರಡನೆಯ ಸಲ, ಉಳಿ ಮರಕ್ಕೆ ತಾಗಿ ಸಿಪ್ಪೆ ಹಾರುವ ಕ್ಷಣದಿಂದಲೇ ವೀಡಿಯೊ ತೊಡಗುವಂತೆ ಮಾಡಿದೆ. ಅಲ್ಲಿಂದ ಮುಂದಿನದೆಲ್ಲ ನೋಡುಗನ ಕಣ್ಣೆದುರೇ ನಡೆಯಿತು. ಹಾಲೆ ಮರದ ಬಿಳಿಯ ತುಂಡು ದುಂಡಗಾಗುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮಂಕಾಗಿ, ಒರಟಾಗಿ ಕಾಣುವ ಆ ಬಣ್ಣದ ಮೇಲೆ ತಾಳೆ ಗರಿಯನ್ನು ಒತ್ತಿದೊಡನೆ ಕನ್ನಡಿಯಂಥ ಹೊಳಪು ಬರುತ್ತದೆ. ಒಂದೆಡೆ ಹಳದಿ ಅರಗು ದಪ್ಪವಾಗಿ ಕೂತಾಗ ಕುಶಲಕರ್ಮಿ ಕ್ಷಣ ತಡೆದು, ಗರಿಯ ಅಂಚಿನಿಂದ ಅದನ್ನು ಹರಡಿ ಸರಿಪಡಿಸಿದರು. ಕತ್ತರಿಸುವ ಅವಕಾಶವಿದ್ದಿದ್ದರೆ ನಾನು ಖಂಡಿತ ಕಿತ್ತುಹಾಕುತ್ತಿದ್ದ ಭಾಗವದು. ಉಳಿಕೆಯ ರೇಖೆ ಸ್ವಲ್ಪ ಮೇಲೆದ್ದದ್ದು ಅಲ್ಲಿಯೇ, ಎಂದರೆ ಕೆಲವರು ಹಿಂದಕ್ಕೆ ಹೋಗಿ ಅದನ್ನು ಮತ್ತೆ ನೋಡಿದ್ದರು. ಬಣ್ಣ ಹೇಗೆ ಬರುತ್ತದೆಂದು ಈ ವೀಡಿಯೊ ನೋಡಿದ ಯಾರೂ ಕೇಳಲಿಲ್ಲ.

ಶಬ್ದದಲ್ಲಿಯೂ ಇದೇ ಅಂತರವಿತ್ತು. ಕಟ್‌ಗಳ ನಡುವೆ ಲೇತ್‌ನ ಸದ್ದು ತುಂಡರಿಸುವುದನ್ನು ಮುಚ್ಚಲು ಸಂಗೀತ ಹಾಕಬೇಕಾಗಿತ್ತು. ಒಂದೇ ಶಾಟ್‌ನಲ್ಲಿ ಉಳಿಯ ಕರಕರ ಸದ್ದು ಅರಗಿನ ಹಂತದಲ್ಲಿ ತಗ್ಗುವುದನ್ನು ಕಿವಿಯೇ ಗುರುತಿಸುತ್ತದೆ.

ಉದ್ದದ ವಿಚಾರವಾಗಿ ಒಂದು ಮಾತು. 35 ಮಿ.ಮೀ. ಫಿಲ್ಮ್‌ನ ಕಾಲದಲ್ಲಿ 1000 ಅಡಿಯ ಸುರುಳಿ ಸುಮಾರು 11 ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ ಶಾಟ್ ಎಲ್ಲಿ ತೊಡಗಬೇಕೆಂದು ಮೊದಲೇ ಯೋಚಿಸಲೇಬೇಕಾಗಿತ್ತು. ಫೋನ್‌ನಲ್ಲಿ ಆ ಒತ್ತಡವಿಲ್ಲ, ನನ್ನ ಮೊದಲ ಯತ್ನ ಸಡಿಲವಾದದ್ದು ಅದರಿಂದಲೇ. ಯೂಟ್ಯೂಬ್ ಶಾರ್ಟ್ಸ್‌ನ ಮಿತಿ 2024ರ ಅಕ್ಟೋಬರ್‌ನಲ್ಲಿ 60 ಸೆಕೆಂಡಿನಿಂದ 3 ನಿಮಿಷಕ್ಕೆ ಏರಿದ್ದರಿಂದ, 2 ನಿಮಿಷ 40 ಸೆಕೆಂಡಿನ ಈ ಕದಲದ ಶಾಟ್ ಕತ್ತರಿಯಿಲ್ಲದೆ ಅಲ್ಲಿಯೂ ಹೊಂದಿಕೊಂಡಿತು.

ಹಾಗೆಂದು ಕಟ್ ಅನ್ನು ನಾನು ಬಿಟ್ಟಿಲ್ಲ. ಮರವನ್ನು ತರುವುದು, ಸೀಳುವುದು, ತಿಂಗಳುಗಟ್ಟಲೆ ಒಣಗಿಸುವುದು ಇವೆಲ್ಲ ಒಂದೇ ಶಾಟ್‌ಗೆ ಒಗ್ಗುವ ಕೆಲಸಗಳಲ್ಲ. ಅವುಗಳಿಗಾಗಿ ಕಟ್‌ಗಳ ವೀಡಿಯೊವನ್ನೇ ಬೇರೆಯಾಗಿ ಮಾಡುತ್ತಿದ್ದೇನೆ, ಈ ಸಲ ಸಿದ್ಧ ಬುಗುರಿಯನ್ನು ಮೊದಲು ತೋರಿಸದೆ. ಗಿಂಬಲ್ ಅನ್ನು ಮಾತ್ರ ಕಾರ್ಯಾಗಾರಕ್ಕೆ ಮತ್ತೆ ಒಯ್ದಿಲ್ಲ.