ಒಂದೇ ಸ್ಟಿಕರ್, ಬೇರೆ ಬೇರೆ ಬುದ್ಧಿ: ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೆಯ ನೆಟ್‌ವರ್ಕ್ ಕಾರ್ಡು ಕೊಳ್ಳುವವರಿಗೆ

ಸರ್ವರಿನಿಂದ ಕಳಚಿದ ಹಳೆಯ ನೆಟ್‌ವರ್ಕ್ ಕಾರ್ಡುಗಳಿಗಾಗಿ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ಹೊರಟಿರುವವರು ದಯವಿಟ್ಟು ಇದನ್ನು ಓದಿ ಹೊರಡಿ. ಮುಂಬಯಿಯ ಸಣ್ಣಪುಟ್ಟ ಕಚೇರಿಗಳಿಗೆ ಸರ್ವರ್ ಕಟ್ಟಿಕೊಡುವುದೇ ಹದಿನೈದು ವರ್ಷಗಳಿಂದ ನನ್ನ ಕಸುಬು. ಅಂಥವನೇ ಹೀಗೆ ಮೋಸಹೋದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಗೋರೆಗಾಂವ್‌ನ ಒಂದು ವಿಡಿಯೊ ಸಂಕಲನದ ಕಚೇರಿಗೆ 10 ಗಿಗಾಬಿಟ್ ಜಾಲ ಬೇಕಿತ್ತು. ಸ್ಟೋರೇಜ್ ಸರ್ವರಿಗೆ ಒಂದು, ಎಡಿಟಿಂಗ್ ಯಂತ್ರಗಳಿಗೆ ಮೂರು, ಒಟ್ಟು ನಾಲ್ಕು ಕಾರ್ಡುಗಳು. ಎಲ್ಲ ಯಂತ್ರಗಳಲ್ಲೂ ಲಿನಕ್ಸ್. ಇಂಟೆಲ್‌ನ 82599 ಚಿಪ್ಪಿರುವ ಎರಡು ಪೋರ್ಟಿನ ಕಾರ್ಡು ತಲಾ 3,200 ರೂಪಾಯಿಗೆ ಸಿಕ್ಕಿತು. ಅಂಗಡಿಯವರು ಕುಂದಾಪುರದ ಕಡೆಯವರು. ನಾನು ಫೋನಿನಲ್ಲಿ ಮನೆಯವಳೊಡನೆ ಕನ್ನಡದಲ್ಲಿ ಮಾತಾಡಿದ್ದು ಕಿವಿಗೆ ಬಿದ್ದದ್ದೇ ತಡ, "ಓ, ನೀವು ನಮ್ಮವರೇ ಮಾರಾಯ್ರೆ!" ಎಂದು ಚಹಾ ತರಿಸಿದರು. ಚಹಾ ಕುಡಿದ ಮೇಲೆ ಪಕ್ಕಾ ಬಿಲ್ಲು ಕೇಳಲು ಸಂಕೋಚವಾಯಿತು. ಒಂದು ಚೀಟಿಯ ಮೇಲೆ "4 ಪೀಸ್, ಟೆಸ್ಟೆಡ್, 7 ದಿನ" ಎಂದು ಬರೆದುಕೊಟ್ಟರು, ನಾನು 12,800 ರೂಪಾಯಿ ಎಣಿಸಿ ಕೊಟ್ಟೆ.

ಟೆಸ್ಟು ನನ್ನ ಕಣ್ಣೆದುರೇ ನಡೆಯಿತು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯಂತ್ರಕ್ಕೆ ಒಂದೊಂದೇ ಕಾರ್ಡನ್ನು ಸಿಕ್ಕಿಸಿ, ಅದರ ಎರಡು ಪೋರ್ಟುಗಳ ನಡುವೆ ಒಂದು ಗಿಡ್ಡ ಕಪ್ಪು ಕೇಬಲ್ ಹಾಕಿ, ಹಸಿರು ದೀಪ ಹತ್ತಿದ್ದನ್ನು ತೋರಿಸಿದರು. ನಾಲ್ಕಕ್ಕೆ ನಾಲ್ಕೂ ಹತ್ತಿದವು. ಪೋರ್ಟಿಗೆ ಸಿಕ್ಕಿಸಿ ಫೈಬರ್ ಕೇಬಲ್ ಜೋಡಿಸುವ, ಎಸ್‌ಎಫ್‌ಪಿ ಪ್ಲಸ್ ಎಂಬ ಆಪ್ಟಿಕಲ್ ಮಾಡ್ಯೂಲುಗಳ ಡಬ್ಬಿ ಆಗ ನನ್ನ ಚೀಲದಲ್ಲೇ ಇತ್ತು. ಇದನ್ನೂ ಒಮ್ಮೆ ಹಾಕಿ ನೋಡಿ ಎನ್ನಬಹುದಿತ್ತು, ಎನ್ನಲಿಲ್ಲ.

ಗೋರೆಗಾಂವ್‌ನಲ್ಲಿ ಮೊದಲ ಕಾರ್ಡು ತಕರಾರಿಲ್ಲದೆ ನಡೆಯಿತು. ಎರಡನೆಯದರಲ್ಲಿ ಪೋರ್ಟೇ ಕಾಣಿಸಲಿಲ್ಲ. ಮಾಡ್ಯೂಲ್ ಕಿತ್ತು ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಪೋರ್ಟು ಬರುತ್ತಿತ್ತು, ಮಾಡ್ಯೂಲ್ ತುರುಕಿದೊಡನೆ ಪಟ್ಟಿಯಿಂದ ಮಾಯವಾಗುತ್ತಿತ್ತು. ಮೂರನೆಯದರದ್ದೂ ಇದೇ ಕತೆ. ನಾಲ್ಕನೆಯದಕ್ಕೆ ಈ ರೋಗದ ಜೊತೆಗೆ ಇನ್ನೊಂದಿತ್ತು: ಹಿಂದಿನ ಮಾಲೀಕರ ಬೂಟ್ ಸೆಟ್ಟಿಂಗ್ ಅದರ ಫರ್ಮ್‌ವೇರಿನಲ್ಲಿ, ಅಂದರೆ ಕಾರ್ಡಿನೊಳಗೇ ಬರೆದಿಟ್ಟ ತಂತ್ರಾಂಶದಲ್ಲಿ, ಹಾಗೆಯೇ ಉಳಿದು, ಯಂತ್ರವು ಪ್ರತಿ ಸಲವೂ ಡಿಸ್ಕನ್ನು ಬಿಟ್ಟು ಜಾಲದಲ್ಲಿ ಯಾವುದೋ ಬೂಟ್ ಸರ್ವರನ್ನು ಹುಡುಕುತ್ತಾ ಕೂರುತ್ತಿತ್ತು.

ಲಿನಕ್ಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಕರ್ನಲ್ ಲಾಗ್ ತೆರೆದರೆ, ಬೆಂಬಲವಿಲ್ಲದ ಎಸ್‌ಎಫ್‌ಪಿ ಪ್ಲಸ್ ಮಾಡ್ಯೂಲ್ ಸಿಕ್ಕಿದೆ ಎಂದು ದೂರಿ ಈ ಕಾರ್ಡುಗಳನ್ನು ನಡೆಸುವ ಐಎಕ್ಸ್‌ಜಿಬಿಇ ಡ್ರೈವರ್ ಕೈಕಟ್ಟಿ ಕುಳಿತಿತ್ತು. ಈ ಡ್ರೈವರ್ ಕಾರ್ಡಿನ ಇಇಪ್ರಾಮ್‌ನಲ್ಲಿ, ಅಂದರೆ ಅದರ ಸೆಟ್ಟಿಂಗುಗಳನ್ನು ಬರೆದಿಡುವ ಪುಟ್ಟ ಸ್ಮೃತಿಯಲ್ಲಿ, ಒಂದು ಬಿಟ್ ನೋಡುತ್ತದೆ. ಅದು 1 ಆಗಿದ್ದರೆ ಯಾವ ಕಂಪನಿಯ ಮಾಡ್ಯೂಲಾದರೂ ನಡೆಯುತ್ತದೆ, 0 ಆಗಿದ್ದರೆ ಇಂಟೆಲ್‌ನದ್ದೇ ಆಗಬೇಕು. ಆದರೆ ಡಿಎಸಿ ಎಂದು ಕರೆಯುವ ತಾಮ್ರದ ಪ್ಯಾಸಿವ್ ಕೇಬಲ್ ಹಾಕಿದಾಗ ಡ್ರೈವರ್ ತಯಾರಕರ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದು ಹೊಳೆದಾಗ ರಾತ್ರಿ ಒಂಬತ್ತೂವರೆ. ಆ ಗಿಡ್ಡ ಕಪ್ಪು ಕೇಬಲ್ ಕಣ್ಣ ಮುಂದೆ ಬಂತು. ಆ ಟೆಸ್ಟಿನಲ್ಲಿ ಬೀಗ ಬಿದ್ದ ಕಾರ್ಡೂ ಪಾಸಾಗುತ್ತದೆ, ಬೀಗವಿಲ್ಲದ ಕಾರ್ಡೂ ಪಾಸಾಗುತ್ತದೆ. ನಾನು ಹಸಿರು ದೀಪ ನೋಡಿ ತಲೆಯಾಡಿಸಿದ್ದೆ!

ನಾಲ್ಕನ್ನೂ ಹೋಲಿಸಿ ನೋಡಿದೆ. ಸ್ಟಿಕರಿನ ಮೇಲಿನ ಮಾದರಿ ಸಂಖ್ಯೆ ಒಂದೇ, ಯಂತ್ರದಲ್ಲಿರುವ ಕಾರ್ಡುಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಆದೇಶ ಕೊಡುವ ಮುಖ್ಯ ಗುರುತೂ 8086:10ಎಫ್‌ಬಿ ಎಂದು ಒಂದೇ. ಅದರ ಕೆಳಗಿನ ಸಬ್‌ಸಿಸ್ಟಮ್ ಗುರುತಿಗೆ ಇಳಿದರೆ ಎರಡು ಕಾರ್ಡುಗಳು ಒಂದು ಸರ್ವರ್ ಕಂಪನಿಗಾಗಿ ಮಾಡಿದವು, ಒಂದು ಇನ್ನೊಂದು ಕಂಪನಿಗಾಗಿ ಮಾಡಿದ್ದು. ನೆಟ್‌ವರ್ಕ್ ಕಾರ್ಡಿನ ವಿವರ ಕೊಡುವ ಎತ್‌ಟೂಲ್ ತೋರಿಸಿದ ಫರ್ಮ್‌ವೇರ್ ಸಂಖ್ಯೆಗಳು ಮೂರು ಬಗೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ತಕರಾರಿಲ್ಲದೆ ನಡೆದ ಮೊದಲ ಕಾರ್ಡಿನ ಸ್ಟಿಕರಿನಲ್ಲಿರುವ ಮ್ಯಾಕ್ ವಿಳಾಸ (ಜಾಲದಲ್ಲಿ ಪ್ರತಿ ಕಾರ್ಡಿಗೂ ಇರುವ ಗುರುತು) ಒಂದಾದರೆ ಯಂತ್ರ ತೋರಿಸುವುದು ಇನ್ನೊಂದು. ಅಂದರೆ ಬೇರೊಂದು ಕಾರ್ಡಿನ ಇಇಪ್ರಾಮಿನ ನಕಲನ್ನು ಯಾರೋ ಅದರೊಳಗೆ ಬರೆದಿದ್ದಾರೆ. ಸರಿಯಾಗಿ ನಡೆದದ್ದೇ ತಿದ್ದಿದ ಕಾರ್ಡು.

ಲಿನಕ್ಸಿನಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. 'ಅಲೌ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ' ಎಂಬ ಆಯ್ಕೆಗೆ 1 ಕೊಟ್ಟು ಡ್ರೈವರನ್ನು ಇಳಿಸಿ ಏರಿಸಿದಾಗ ಪೋರ್ಟುಗಳು ಬಂದವು. ಕೆಲಸ ಮುಗಿಯಿತು ಎಂದು ಮಾಲೀಕರಿಗೆ ಹೇಳಿ ರೈಲು ಹಿಡಿದು ಡೊಂಬಿವಲಿಯ ಮನೆಗೆ ಹೊರಟೆ. ಬೆಳಿಗ್ಗೆ ಯಂತ್ರಗಳನ್ನು ಚಾಲೂ ಮಾಡಿದವರಿಂದ ಫೋನು: ಸರ್ವರ್ ಕಾಣುತ್ತಿಲ್ಲ. ಆಯ್ಕೆಯನ್ನು ಡ್ರೈವರುಗಳ ಸೆಟ್ಟಿಂಗ್ ಇರುವ ಮಾಡ್‌ಪ್ರೋಬಿನ ಕಡತದಲ್ಲಿ ಬರೆದಿದ್ದೆ, ಆದರೆ ಯಂತ್ರ ಚಾಲೂ ಆಗುವಾಗ ಮೊದಲು ತೆರೆದುಕೊಳ್ಳುವ, ಡ್ರೈವರ್ ಏರುತ್ತಿದ್ದ ಇನಿಟ್‌ರಾಮ್‌ಎಫ್‌ಎಸ್ ಎಂಬ ಕಡತದ ಕಟ್ಟನ್ನು ಹೊಸದಾಗಿ ಕಟ್ಟಿರಲಿಲ್ಲ. ಅಷ್ಟರ ಮಟ್ಟಿಗೆ ತಪ್ಪು ನನ್ನದೇ.

ಅಂಗಡಿಯವರ ಉತ್ತರಗಳು ಇನ್ನೂ ನನ್ನ ವಾಟ್ಸ್‌ಆ್ಯಪ್‌ನಲ್ಲಿವೆ. "ಕಾರ್ಡ್ ಓಕೆ ಉಂಟು ಸಾರ್, ನಿಮ್ಮೆದುರಿಗೇ ಲೈಟ್ ಹತ್ತಿದ್ದಲ್ವಾ?" ಎಂಬುದು ಮೊದಲನೆಯದು. "ವಿಂಡೋಸ್ ಹಾಕಿ ನೋಡಿ" ಎಂಬುದು ಎರಡನೆಯದು. ಮೂರನೆಯದು "ಚಿಪ್ ಒಂದೇ, ಡ್ರೈವರ್ ಒಂದೇ, ಮತ್ತೆಂತ ವ್ಯತ್ಯಾಸ?" ಈ ಮಾತಿಗೆ ನಾನು ಉದ್ದದ ಉತ್ತರವನ್ನೇ ಬರೆದೆ. 2013ರಲ್ಲಿ ಇಂಟೆಲ್‌ನ 82574ಎಲ್ ಚಿಪ್ಪಿನ ಕೆಲವು ಪೋರ್ಟುಗಳು ಒಂದು ನಿರ್ದಿಷ್ಟ ಪ್ಯಾಕೆಟ್ ಬಂದೊಡನೆ ಸ್ತಬ್ಧವಾಗುತ್ತಿದ್ದ ಸಂಗತಿ ಬಯಲಾದಾಗ, ಒಂದು ಮದರ್‌ಬೋರ್ಡ್ ತಯಾರಕರು ಇಇಪ್ರಾಮನ್ನು ತಪ್ಪಾಗಿ ಬರೆದದ್ದೇ ಕಾರಣ ಎಂದು ಇಂಟೆಲ್ ಹೇಳಿತ್ತು. ಚಿಪ್ ಒಂದೇ ಆದರೂ ಅದರೊಳಗೆ ಬರೆದದ್ದು ಬೇರೆಯಾದರೆ ನಡವಳಿಕೆಯೂ ಬೇರೆ ಎಂದು ವಿವರಿಸಿದೆ. ಅದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಬಂತು.

ಆಮೇಲೆ ಬಂದದ್ದು ಇದು: "ಆ ಬಿಟ್ ಚೇಂಜ್ ಮಾಡ್ಲಿಕ್ಕೆ ನಮ್ಮಲ್ಲಿ ಹುಡುಗ ಇದ್ದಾನೆ ಸಾರ್, ಒಂದು ಕಾರ್ಡಿಗೆ 500." ನಾನು ಬಿಟ್ ಎಂಬ ಪದವನ್ನು ಅವರಿಗೆ ಬರೆದೇ ಇರಲಿಲ್ಲ. ಅವರಿಗೆ ಗೊತ್ತಿತ್ತು. ಆ ಕಪ್ಪು ಕೇಬಲನ್ನು ಕೈಗೆತ್ತಿಕೊಳ್ಳುವಾಗಲೂ ಗೊತ್ತಿತ್ತು, ಚಹಾ ತರಿಸುವಾಗಲೂ ಗೊತ್ತಿತ್ತು. ಮೊದಲ ಕಾರ್ಡನ್ನು ತಿದ್ದಿದ್ದು ಅದೇ ಹುಡುಗನೇ ಎಂದು ನನ್ನ ಗುಮಾನಿ. ನಾನು ಒಪ್ಪಲಿಲ್ಲ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳಿಂದ, ಇಂಟೆಲ್‌ನದ್ದೇ ಆದ ಇ1000ಇ ಡ್ರೈವರಿನ ಕಾರ್ಡುಗಳ ಸ್ಮೃತಿ ಕೆಟ್ಟು, ಕಾರ್ಡುಗಳೇ ಕೆಲಸಕ್ಕೆ ಬಾರದೆ ಹೋದದ್ದನ್ನು ಬಲ್ಲವನು ಅಪರಿಚಿತ ಹುಡುಗನ ಕೈಗೆ ಇಇಪ್ರಾಮ್ ಕೊಡುವುದಿಲ್ಲ.

ನೀವು ಹೋಗುವುದಾದರೆ ಮಾಡ್ಯೂಲ್ ನಿಮ್ಮದೇ ಒಯ್ದು ಅಲ್ಲೇ ಹಾಕಿ ನೋಡಿ, ದುಡ್ಡು ಕೊಡುವ ಮುಂಚೆ ಪ್ರತಿ ಕಾರ್ಡಿನ ಸಬ್‌ಸಿಸ್ಟಮ್ ಗುರುತನ್ನೂ ಮ್ಯಾಕ್ ವಿಳಾಸವನ್ನೂ ಸ್ಟಿಕರಿನೊಡನೆ ತಾಳೆ ನೋಡಿ, ಯಾವ ಮಾಡ್ಯೂಲಿನೊಡನೆ ಟೆಸ್ಟ್ ಮಾಡಿದ್ದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮ್ಮವರು ಎಂಬ ಮಾತಿಗೆ ಕರಗಬೇಡಿ.

ಮೂರು ಕಾರ್ಡುಗಳು ಈಗ ಆ ಆಯ್ಕೆಯ ಮೇಲೆ ನಡೆಯುತ್ತಿವೆ, ನಾಲ್ಕನೆಯದರ ಬೂಟ್ ಹುಡುಕಾಟವನ್ನು ಇಂಟೆಲ್‌ನ ಬೂಟ್‌ಯುಟಿಲ್ ಎಂಬ ಸಲಕರಣೆಯಿಂದ ನಿಲ್ಲಿಸಿದ್ದೇನೆ. ಚೀಟಿಯ ಏಳು ದಿನ ಕಳೆದ ಗುರುವಾರಕ್ಕೆ ಮುಗಿಯಿತು. ಶುಕ್ರವಾರ ಬೆಳಿಗ್ಗೆ ಅಂಗಡಿಯಿಂದ ಸಂದೇಶ ಬಂದಿತ್ತು: "ಹೊಸ ಮಾಲು ಬಂದಿದೆ ಸಾರ್, ನಿಮಗೆ ಕಡಿಮೆ ಮಾಡಿ ಕೊಡುವ."